ಹಳ್ಳದಾಚೆ ಗುರುಮಲ್ಲಪ್ಪನ ಶುದ್ಧದ ಮನೆ

ಕೂತುಕೊಳ್ಳಿ. ಕಾಲು ಚಾಚುವವರು ಚಾಚಿ. ಎಲೆಅಡಿಕೆ ಇದ್ದವರು ಹಾಕಿಕೊಳ್ಳಿ, ಇಲ್ಲದವರು ಪಕ್ಕದವರ ಸಂಚಿ ನೋಡಿ. ಈ ಕತೆ ಓಡುವ ಕತೆಯಲ್ಲ, ನಡೆಯುವ ಕತೆ.

ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲ. ಯಾವ ದೇಶ? ಯಾರಿಗೆ ಗೊತ್ತು. ಯಾವ ಊರು? ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಒಂದು ಊರಿತ್ತು. ಊರ ಮುಂದೆ ಹಳ್ಳವಿತ್ತು. ಹಳ್ಳದಲ್ಲಿ ನೀರಿತ್ತು. ಅಷ್ಟು ಸಾಕು.

ಆ ಊರಲ್ಲಿ ಗುರುಮಲ್ಲಪ್ಪ ಅಂತ ಒಬ್ಬ. ಶಿವಭಕ್ತ. ಊರಿನವರೆಲ್ಲ ಶಿವಭಕ್ತರೇ, ಆದರೆ ಇವನಷ್ಟಲ್ಲ. ಎಲ್ಲರೂ ಇವನಷ್ಟಾಗಿದ್ದರೆ ಶಿವನೇ ಊರು ಬಿಡುತ್ತಿದ್ದ.

ಬೆಳಗ್ಗೆ ಎದ್ದರೆ ವಿಭೂತಿ. ಹಣೆಗೆ, ಎದೆಗೆ, ತೋಳಿಗೆ. ಎರಡು ಅಂಗೈಗೂ ದಪ್ಪಗೆ, ಗೋಡೆಗೆ ಸುಣ್ಣ ಬಳಿದ ಹಾಗೆ. ಬಳಿದ ಮೇಲೆ ತೊಳೆಯುವಂತಿಲ್ಲ. ತೊಳೆದರೆ ಪಾಪ. ಉಣ್ಣುವ ಹಿಟ್ಟಿಗೂ ಬೂದಿ, ಕುಡಿಯುವ ಚೊಂಬಿಗೂ ಬೂದಿ. ಅವನು ಮಾತ್ರವಲ್ಲ, ಅವನ ಮನೆಮಂದಿಯೆಲ್ಲ ಹಾಗೇ ಇರಬೇಕು.

ಒಂದು ದಿನ ಗುರುಮಲ್ಲಪ್ಪ ಊರ ಯಜಮಾನನ ಹತ್ತಿರ ಹೋದ.

"ಯಜಮಾನ್ರೇ, ಈ ಊರಲ್ಲಿ ಹೆಂಗಸರು ರಾಗಿ ಬೀಸುವಾಗ ಹಾಡ್ತಾರೆ."

"ಹೂಂ, ಹಾಡ್ತಾರೆ."

"ಶಿವನ ಮೇಲಲ್ಲ. ಗಂಡನ ಮೀಸೆ ಮೇಲೆ ಹಾಡ್ತಾರೆ."

"ಮೀಸೆ ಇದ್ದೋರ ಮೇಲೆ ಹಾಡ್ತಾರಪ್ಪ. ನಿನಗೇನು ಕಷ್ಟ?"

ಇನ್ನೊಂದು ದಿನ ಹೋದ. "ಯಜಮಾನ್ರೇ, ಪೂಜೆ ಹೊತ್ತಲ್ಲಿ ಮಕ್ಕಳು ಕಿಸಿಕಿಸಿ ನಗ್ತಾವೆ."

"ನೀನು ಕಣ್ಣು ಮೇಲೆ ಮಾಡಿಕೊಂಡು ಗಂಟೆ ಹೊಡೀತೀಯಲ್ಲ, ಅದನ್ನ ನೋಡಿದರೆ ನನಗೂ ನಗು ಬರುತ್ತೆ. ಮಕ್ಕಳು ಏನು ಮಾಡ್ತಾವೆ?"

ಮತ್ತೊಂದು ದಿನ ಹೋದ. "ಯಜಮಾನ್ರೇ, ಇಲ್ಲಿ ಒಬ್ಬರ ಒಲೆಯ ಕೆಂಡ ಇನ್ನೊಬ್ಬರ ಒಲೆಗೆ ಹೋಗುತ್ತೆ. ಯಾರ ಬೆಂಕಿ ಯಾರ ಅನ್ನ ಬೇಯಿಸುತ್ತೋ ಗೊತ್ತಿಲ್ಲ. ಈ ಊರು ಕೆಟ್ಟಿದೆ. ನಾನು ಬಿಡ್ತೀನಿ."

"ಬಿಡಪ್ಪ. ಹಳ್ಳ ದಾಟುವಾಗ ಒಂದು ಕೆಂಡ ತಗೊಂಡು ಹೋಗು. ಆ ಕಡೆ ನಿನಗೆ ಕೊಡೋರು ಯಾರೂ ಇಲ್ಲ."

ಹೊರಟ. ಒಬ್ಬನೇ ಹೊರಟಿದ್ದರೆ ಕತೆ ಇಲ್ಲಿಗೇ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದರು. ಇಂಥವರು ಒಬ್ಬರೇ ಹೊರಡುತ್ತಾರಾ? ಅವನ ತಾಯಿ ಮುದ್ದಾಜಮ್ಮ, ಮುದುಕಿ, ನಾಲಿಗೆ ಮಾತ್ರ ಮುದಿಯಾಗಿರಲಿಲ್ಲ. ಅವಳನ್ನು ಹೊರಡಿಸಿದ. ಹೆಂಡತಿ ದುಂಡಮ್ಮ, ತುಂಬಿದ ಬಸುರಿ. ಅವಳನ್ನು ಹೊರಡಿಸಿದ. ಮಗಳು ನೀಲಾಜಿ, ಮದುವೆ ವಯಸ್ಸಿನ ಹುಡುಗಿ. ಅವಳನ್ನೂ ಹೊರಡಿಸಿದ. ಹಳ್ಳ ದಾಟಿದರು. ಬೆಟ್ಟದ ಓರೆಯಲ್ಲಿ ನೆಲದಿಂದ ಉಕ್ಕುವ ಒಂದು ಊಟೆ ನೀರು, ಒಂದು ನುಗ್ಗೆಮರ. ಅಲ್ಲೇ ಮಣ್ಣು ಕಲಸಿ ಮನೆ ಕಟ್ಟಿದ. ಬಾಗಿಲಲ್ಲಿ ನಿಂತು ಕಟ್ಟಳೆ ಹೇಳಿದ.

"ಈ ಮನೆಯಲ್ಲಿ ಹಾಡುವಂತಿಲ್ಲ. ಈ ಮನೆಯಲ್ಲಿ ನಗುವಂತಿಲ್ಲ. ಈ ಮನೆಗೆ ಹೊರಗಿನವರ ಕೈ ಅನ್ನ ಬರುವಂತಿಲ್ಲ."

"ಉಸಿರಾಡಬಹುದೇನಪ್ಪ?" ಅಂದಳು ಮುದ್ದಾಜಮ್ಮ.

ಕೇಳಿ, ದುಂಡಮ್ಮನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವಾ? ಇತ್ತು. ಅವಳು ಊಟೆಗೆ ಹೋಗುವ ದಾರಿಯ ಮುಳ್ಳನ್ನೆಲ್ಲ ಎತ್ತಿ ಬಿಸಾಡುತ್ತಿದ್ದ. ಯಾರೂ ನೋಡದಿರುವಾಗ. ನೋಡಿದರೆ ಭಕ್ತಿ ಕಮ್ಮಿಯಾಯಿತು ಅಂದುಕೊಂಡಾರು ಅಂತ ಅಂಜಿಕೆ. ಮುಳ್ಳು ಎತ್ತುವವನು ಒಂದು ಮಾತಾಡಬಾರದಾ? ಆಡಲಿಲ್ಲ. ದುಂಡಮ್ಮನಿಗೆ ಕೊನೆಯವರೆಗೂ ಆ ದಾರಿಯಲ್ಲಿ ಮುಳ್ಳು ಯಾಕಿಲ್ಲ ಅಂತ ಗೊತ್ತಾಗಲಿಲ್ಲ.

ದುಂಡಮ್ಮನಿಗೆ ನೋವು ಬಂತು. ಊರಿನ ಸೂಲಗಿತ್ತಿ ಸಣ್ಣತಾಯಿ ಹೇಗೋ ತಿಳಿದುಕೊಂಡು ಹಳ್ಳದವರೆಗೆ ಬಂದಳು. ಇವನು ದಡದಲ್ಲಿ ಅಡ್ಡ ನಿಂತ.

"ಗುರುಮಲ್ಲಪ್ಪ, ದಾರಿ ಬಿಡು. ಹೆರಿಗೆ ಮಾಡಿಸಿ ಹೋಗ್ತೀನಿ."

"ನಿನ್ನ ಕೈ ಎಲ್ಲರ ಮನೆಯಲ್ಲೂ ಆಡಿದೆ. ನನ್ನ ಮನೆಗೆ ಬೇಡ."

"ನಿನ್ನನ್ನ ಎಳೆದು ಹಾಕಿದ್ದೂ ಇದೇ ಕೈ ಕಣಪ್ಪ."

ಬಿಡಲಿಲ್ಲ. ಮುದುಕಿಯೇ ಹೆರಿಗೆ ಮಾಡಿಸಿದಳು. ಗಂಡು ಕೂಸು. ಚೆನ್ನಾಗಿತ್ತು. ಆದರೆ ತಾಯಿ ಎದೆಯಲ್ಲಿ ಹಾಲಿಲ್ಲ. ಎಲ್ಲಿಂದ ಬರುತ್ತೆ? ಹಾಲು ಬರಿಸುವ ಬೆಳ್ಳುಳ್ಳಿ ಆ ಮನೆಗೆ ನಿಷಿದ್ಧ. ಬಾಣಂತಿಗೆ ಬರೀ ಹಿಟ್ಟು, ಬರೀ ಉಪ್ಪುನೀರು.

ಸಣ್ಣತಾಯಿ ಮತ್ತೆ ಹಳ್ಳದ ದಡಕ್ಕೆ ಬಂದಳು. ಮೆಣಸಿನ ಸಾರು ತಂದಿದ್ದಳು, ಬೆಳ್ಳುಳ್ಳಿ ಹಾಕಿದ್ದು. ಗುರುಮಲ್ಲಪ್ಪ ಮೂಗು ಮುಚ್ಚಿಕೊಂಡು ವಾಪಸ್ಸು ಕಳಿಸಿದ.

ಸಣ್ಣತಾಯಿ ಮತ್ತೂ ಬಂದಳು. ಆಡಿನ ಹಾಲು ತಂದಿದ್ದಳು. "ಇದಕ್ಕೆ ಬೆಳ್ಳುಳ್ಳಿ ಇಲ್ಲ. ಹೊಸ ಚೊಂಬು. ನಿನ್ನ ದಮ್ಮಯ್ಯ, ಕೂಸಿಗೆ ಕೊಡು."

ಗುರುಮಲ್ಲಪ್ಪ ಯೋಚನೆ ಮಾಡಿದ. ಕೈ ಮುಂದೆ ಬಂತು. ಆಮೇಲೆ ಕೇಳಿದ, "ಕರೆಯುವಾಗ ಹಾಡಿದೆಯಾ?"

ಸಣ್ಣತಾಯಿ ಸುಳ್ಳು ಹೇಳುವವಳಲ್ಲ. "ಹಾಡದೆ ಇದ್ದರೆ ಆ ಆಡು ನಿಲ್ಲೋದಿಲ್ಲ ಕಣಪ್ಪ."

"ಹಾಡಿ ಕರೆದ ಹಾಲು. ಬೇಡ."

ಹಾಲಿನದೇನು ತಪ್ಪು? ಆಡಿನದೇನು ತಪ್ಪು? ನನ್ನನ್ನು ಕೇಳಬೇಡಿ. ಭಕ್ತಿ ತಲೆಗೆ ಏರಿದವರನ್ನು ಕೇಳಿ.

ಕೂಸು ಹೋಯಿತು.

ಮಾರನೆಯ ದಿನ ದುಂಡಮ್ಮನ ಎದೆಯಲ್ಲಿ ಹಾಲು ಇಳಿಯಿತು. ಸೀರೆ ನೆನೆಯುವಷ್ಟು. ಅವಳು ಗೋಡೆಗೆ ಒರಗಿ ಕೂತಳು. ಮುಖ ಸೆರಗಿಗೆ ಹೋಯಿತು.

"ಅಳಬೇಡ. ಶಿವನ ಪಾದ ಸೇರಿದೆ. ಅತ್ತರೆ ಶಿವನಿಗೆ ಅವಮಾನ" ಅಂದ ಗಂಡ.

ಅವಳು ಅಳಲಿಲ್ಲ. ಅವನು ಹೇಳಿದ ಹಾಗೆ ಕೇಳುವವಳು. ಸೆರಗು ತೆಗೆದಳು. ಗೋಡೆ ನೋಡುತ್ತ ಕೂತಳು. ಅವತ್ತಿನಿಂದ ತಾನಾಗಿ ಉಣ್ಣುವುದನ್ನು ಬಿಟ್ಟಳು. ಯಾರಾದರೂ ಎದುರಿಗೆ ಕೂತು ತುತ್ತು ಬಾಯಿಗಿಟ್ಟರೆ ನುಂಗುತ್ತಿದ್ದಳು. ಇಡದಿದ್ದರೆ ಇಲ್ಲ.

ಈಗ ಗುರುಮಲ್ಲಪ್ಪನ ತಲೆಯಲ್ಲಿ ಒಂದು ಪ್ರಶ್ನೆ. ಕೂಸು ಯಾಕೆ ಹೋಯಿತು? ಶಿವ ತಪ್ಪು ಮಾಡುವವನಲ್ಲ. ಗುರುಮಲ್ಲಪ್ಪ ತಪ್ಪು ಮಾಡುವವನೇ ಅಲ್ಲ. ಹಾಗಾದರೆ ಇದು ಇನ್ಯಾರದೋ ಕೆಲಸ ತಾನೆ? ಯಾರೋ ಮದ್ದು ಹಾಕಿದ್ದಾರೆ.

ಮದ್ದು ಅಂದರೆ ಗೊತ್ತಲ್ಲ? ಮಾಟಗಾತಿ ಅನ್ನದಲ್ಲಿ ಬೆರೆಸಿ ಉಣ್ಣಿಸುವ ಮದ್ದು. ಹೊಟ್ಟೆಯಲ್ಲಿ ಕೂತು ಮನೆಯನ್ನೇ ತಿನ್ನುತ್ತೆ ಅಂತಾರೆ. ನೋಡಿ, ಈ ಮನುಷ್ಯ ಊರಿನ ಅನ್ನ ಬಿಟ್ಟ, ಊರಿನ ಹಾಡು ಬಿಟ್ಟ, ಊರಿನ ಜನ ಬಿಟ್ಟ. ಊರಿನ ಭಯವನ್ನು ಮಾತ್ರ ಗಂಟು ಕಟ್ಟಿ ಹೊತ್ತು ತಂದಿದ್ದ.

ಯಾರು ಹಾಕಿದರು? ಸಣ್ಣತಾಯಿಯಾ? ಅವಳ ಕೈ ಹಳ್ಳ ದಾಟಿಯೇ ಇಲ್ಲ. ಅವನೇ ಬಿಟ್ಟಿಲ್ಲ. ಊರಿನ ಕೈ ಒಂದೂ ಒಳಗೆ ಬಂದಿಲ್ಲ. ಹಾಗಾದರೆ? ಕೈ ಒಳಗಿನದೇ!

ಎಂಥ ಬುದ್ಧಿ! ಬಾಗಿಲೆಲ್ಲ ಮುಚ್ಚಿಕೊಂಡವನಿಗೆ ಕಳ್ಳ ಒಳಗೇ ಸಿಗಬೇಕು.

ಮದ್ದು ಕಂಡುಹಿಡಿಯಲು ಒಂದು ಪರೀಕ್ಷೆ ಇದೆ. ನುಗ್ಗೆಸೊಪ್ಪು ಹಿಂಡಿ ಅಂಗೈಗೆ ರಸ ಬಿಡೋದು. ರಸ ಹರಿದು ಹೋದರೆ ಹೊಟ್ಟೆ ಶುದ್ಧ. ಗಟ್ಟಿಯಾಗಿ ಗಂಟು ಕಟ್ಟಿದರೆ ಒಳಗೆ ಮದ್ದಿದೆ. ಗುರುಮಲ್ಲಪ್ಪ ಬೆಳಗಿನ ಪೂಜೆ ಮುಗಿಸಿ, ಎಲ್ಲರಿಗೂ ವಿಭೂತಿ ಬಳಿದು, ಸೊಪ್ಪು ತಂದು ಹಿಂಡಿದ. ದುಂಡಮ್ಮನ ಅಂಗೈಗೆ ಬಿಟ್ಟ.

ಗಂಟು ಕಟ್ಟಿತು.

ನಗಬೇಡಿ. ಅಂಗೈ ತುಂಬ ಬೂದಿ, ಅದರ ಮೇಲೆ ರಸ ಬಿದ್ದರೆ ಇನ್ನೇನಾಗುತ್ತೆ? ನಿಮಗೆ ಹೊಳೆಯಿತು. ಇಲ್ಲಿ ಕೂತ ಮಗುವಿಗೂ ಹೊಳೆಯಿತು. ಅವನಿಗೆ ಹೊಳೆಯಲಿಲ್ಲ. ಬೂದಿ ಅವನ ಕಣ್ಣಿಗೆ ಬೂದಿಯೇ ಅಲ್ಲವಲ್ಲ.

"ಇದೆ! ಮದ್ದಿದೆ! ಇವಳಿಗೆ ಬಾಣಂತನದಲ್ಲಿ ಬೇಯಿಸಿ ಹಾಕಿದ್ದು ಯಾರು?"

"ನಾನು ಅಪ್ಪ" ಅಂದಳು ನೀಲಾಜಿ.

"ಇನ್ನು ಒಲೆ ಮುಟ್ಟಬೇಡ. ನೀನು ಸೌದೆ ಕೊಟ್ಟಿಗೆಯಲ್ಲಿರು. ನಿನ್ನದು ನೀನು ಬೇಯಿಸಿಕೋ."

ನೀಲಾಜಿ ಕೊಟ್ಟಿಗೆಗೆ ಹೋದಳು. ಒಂದು ಒಲೆ ಎರಡಾಯಿತು. ಮುದುಕಿ ಅಡಿಗೆಗೆ ನಿಂತಳು. ಗುರುಮಲ್ಲಪ್ಪ ಕೆಲವು ದಿನ ಬಿಟ್ಟು ಮತ್ತೆ ಪೂಜೆ ಮಾಡಿದ, ಮತ್ತೆ ಬೂದಿ ಬಳಿದ, ಮತ್ತೆ ದುಂಡಮ್ಮನ ಅಂಗೈಗೆ ರಸ ಬಿಟ್ಟ. ಗಂಟು ಕಟ್ಟಿತು.

"ಅವ್ವ, ಈಗ ಬೇಯಿಸಿದ್ದು ನೀನು!"

ಮುದ್ದಾಜಮ್ಮ ಸೊಂಟಕ್ಕೆ ಕೈ ಇಟ್ಟಳು. "ಲೋ, ನಿನಗೆ ಮೊಲೆ ಕೊಟ್ಟವಳು ನಾನು. ಮದ್ದು ಹಾಕೋ ವಿದ್ಯೆ ನನಗೆ ಬಂದಿದ್ದರೆ ಅವತ್ತೇ ಹಾಕ್ತಿದ್ದೆ. ಈ ಹೆಣ್ಣುಮಕ್ಕಳಿಗೆ ಇಷ್ಟು ಕಾಟ ತಪ್ಪುತ್ತಿತ್ತು. ಅವಳ ಕೈ ತೊಳೆಸಿ ನೋಡೋ, ಮಂಕೆ! ಕೈ ತೊಳೆಸು, ಆಮೇಲೆ ರಸ ಬಿಡು."

ಗುರುಮಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ವಿಭೂತಿ ತೊಳೆಯಬೇಕಾ? ವಿಭೂತಿ ಕಂಡರೆ ಹೆದರೋರು ಯಾರು? ಮಾಟಗಾತಿಯರು! ನಿನ್ನ ಬಾಯಲ್ಲೇ ಬಂತಲ್ಲ!"

ಮುದುಕಿ ಅವನ ಮುಖ ನೋಡಿದಳು. ಕೋಲು ತೆಗೆದುಕೊಂಡಳು. "ಹೆತ್ತ ತಪ್ಪಿಗೆ ಇಷ್ಟು ದಿನ ಇದ್ದೆ. ಇನ್ನು ಈ ಹಳ್ಳ ದಾಟಿ ನಿನ್ನ ನೆಲ ಮೆಟ್ಟಲ್ಲ." ನೀಲಾಜಿಯನ್ನು ಕರೆದಳು. "ಬಾ ಕೂಸೇ, ನನ್ನ ಜೊತೆ ಬಾ."

"ನಾನು ಬಂದರೆ ಅವ್ವನಿಗೆ ಯಾರಜ್ಜಿ?" ಅಂದಳು ನೀಲಾಜಿ.

ಮುದುಕಿ ಒಬ್ಬಳೇ ಹಳ್ಳ ದಾಟಿ ಊರು ಸೇರಿದಳು.

ಈಗ ಗುರುಮಲ್ಲಪ್ಪನೇ ತನ್ನ ಅನ್ನ ತಾನು ಬೇಯಿಸಿಕೊಂಡ. ದುಂಡಮ್ಮನಿಗೆ? "ಮದ್ದು ಕರಗಬೇಕು. ಹೊಟ್ಟೆ ಖಾಲಿ ಇದ್ದರೆ ಕರಗುತ್ತೆ. ನಿನಗೆ ಊಟೆ ನೀರು, ಶಿವನಾಮ. ಅಷ್ಟೇ" ಅಂದ.

ದುಂಡಮ್ಮ ಹೂಂ ಅಂದಳು.

ಒಂದು ದಿನ ಹೋಯಿತು, ಮತ್ತೊಂದು ದಿನ ಹೋಯಿತು. ಅವಳ ಬಳೆ ಮೊಣಕೈಗೆ ಜಾರಿತು. ಅವನು ನೋಡಿದ. ಮದ್ದು ಕರಗುತ್ತಿದೆ ಅಂದುಕೊಂಡ. ಕಣ್ಣು ಗುಳಿ ಬಿತ್ತು. ಅದನ್ನೂ ನೋಡಿದ. ಎದೆಯೊಳಗೆ ಏನೋ ಹಿಂಡಿದ ಹಾಗಾಯಿತು. ಶಿವ ಶಿವ ಅಂದು ಅದನ್ನು ಅದುಮಿದ. ಅದುಮಲು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಒಂದು ಮಧ್ಯಾಹ್ನ ಹೊಲದಿಂದ ಬೇಗ ಬಂದ. ಬಾಗಿಲಲ್ಲಿ ನಿಂತ. ಒಳಗೆ ನೀಲಾಜಿ ಅವ್ವನ ಎದುರು ಕೂತಿದ್ದಾಳೆ. ಕೈಯಲ್ಲಿ ಹಿಟ್ಟಿನ ತುತ್ತು, ಹುರುಳಿ ಸಾರಿನಲ್ಲಿ ಅದ್ದಿದ್ದು.

"ಇದೊಂದು ತುತ್ತು ಅವ್ವ. ನನಗೋಸ್ಕರ. ಬಾಯಿ ತೆಗಿ."

ದುಂಡಮ್ಮ ಬಾಯಿ ತೆಗೆದಳು. ತುತ್ತು ತುಟಿಗೆ ಮುಟ್ಟಿತು.

ಗುರುಮಲ್ಲಪ್ಪ ನುಗ್ಗಿದ. ಬಲಗೈ ಬೀಸಿದ. ತುತ್ತು ಗೋಡೆಗೆ ಬಡಿದು ಕೆಳಗೆ ಬಿತ್ತು.

"ಕದ್ದು ಉಣ್ಣಿಸ್ತೀಯಾ! ಮದ್ದು ಹಾಕೋರೇ ಕದ್ದು ಉಣ್ಣಿಸೋದು! ಹೇಳು, ನೀನೇ ತಾನೆ?"

"ಅವ್ವ ಸಾಯ್ತಿದ್ದಾಳೆ ಅಪ್ಪ."

"ಹೇಳು, ನೀನೇ ತಾನೆ?"

"ಕಣ್ಣು ಬಿಟ್ಟು ನೋಡು ಅಪ್ಪ!"

"ಕೊನೇ ಸಲ ಕೇಳ್ತೀನಿ. ಈ ಮನೆಯ ಮಾಟಗಾತಿ ನೀನೇ ತಾನೆ?" ಅಂದವನೇ ಒಲೆಯ ಹತ್ತಿರ ಹೋಗಿ ಉರಿಯುವ ಕೊಳ್ಳಿ ಎತ್ತಿದ.

"ಅವಳಲ್ಲ" ಅಂತ ದನಿ ಬಂತು. "ನಾನು."

ಮಾತು ದುಂಡಮ್ಮನದು. ಎಷ್ಟೋ ದಿನದ ಮೇಲೆ ಬಾಯಿ ತೆಗೆದಿದ್ದಳು. ಗೋಡೆ ಬಿಟ್ಟು ಗಂಡನ ಕಡೆ ತಿರುಗಿದಳು.

"ನಾನೇ ಮಾಟಗಾತಿ. ಕೂಸು ಇದ್ದಾಗ ಬರಲಿಲ್ಲ ನನ್ನ ಹಾಲು. ಮಣ್ಣು ಮಾಡಿ ಬಂದ ಮೇಲೆ ಬಂತು. ಇಂಥ ಎದೆ ಮಾಟಗಾತಿಗಲ್ಲದೆ ಯಾರಿಗಿರುತ್ತೆ? ನನ್ನ ಕೂಸನ್ನ ನಾನೇ ತಿಂದೆ. ಮಗಳನ್ನ ಬಿಟ್ಟುಬಿಡಿ."

ಮಗಳನ್ನು ಉಳಿಸಲು ಹೇಳಿದಳಾ? ನಿಜವೆಂದು ನಂಬಿ ಹೇಳಿದಳಾ? ಎರಡೂ ಇರಬೇಕು. ಅಳಲು ಬಿಡದ ದುಃಖ ಎಲ್ಲಿಗೆ ಹೋಗುತ್ತೆ? ಒಳಗೇ ತಿರುಗುತ್ತೆ.

ಆ ಮಾತು ಕೇಳಿ ಗುರುಮಲ್ಲಪ್ಪ ಏನು ಮಾಡಬೇಕಿತ್ತು? ಕೊಳ್ಳಿ ಎಸೆದು ಅವಳ ಕಾಲ ಹತ್ತಿರ ಕೂರಬೇಕಿತ್ತು. ಅವನು ಉಸಿರು ಬಿಟ್ಟ, ಹಗುರಾದವನ ಹಾಗೆ. ಉತ್ತರ ಸಿಕ್ಕಿತಲ್ಲ!

"ಹೊರಡು" ಅಂದ.

ನೀಲಾಜಿ ಅವ್ವನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡಳು. ಹೊರೆ ಸೌದೆಯಷ್ಟೂ ಭಾರವಿರಲಿಲ್ಲ. ಬಾಗಿಲು ದಾಟಿದಳು, ಓರೆ ಇಳಿದಳು, ಹಳ್ಳಕ್ಕೆ ಕಾಲಿಟ್ಟಳು. ದುಂಡಮ್ಮ ಒಂದು ಸಲ ತಿರುಗಿ ನೋಡಿದಳು. ಅವನು ಬಾಗಿಲಲ್ಲಿ ನಿಂತಿದ್ದ. ಕರೆಯಲಿಲ್ಲ.

ಈಗ ಮನೆ ಶುದ್ಧವಾಯಿತು. ಗುರುಮಲ್ಲಪ್ಪ ನೆಲ ಸಾರಿಸಿದ. ಗಂಟೆ ಹೊಡೆದ. ನಗುವವರು ಯಾರೂ ಇರಲಿಲ್ಲ.

ಎಷ್ಟೋ ದಿನ ಕಳೆದು ಹಳ್ಳದ ಆಚೆ ದಡದಿಂದ ಕೂಗು ಕೇಳಿತು. ಮುದ್ದಾಜಮ್ಮ. ಆಡಿದ ಮಾತಿನಂತೆ ದಾಟಲಿಲ್ಲ. ಅಲ್ಲಿಂದಲೇ ಕೂಗಿದಳು.

"ಲೋ ಗುರುಮಲ್ಲ! ನಿನ್ನ ಹೆಂಡತಿ ಹೋದಳು ಕಣೋ!"

ಅವನು ದಡಕ್ಕೆ ಬಂದು ನಿಂತ.

"ಸಣ್ಣತಾಯಿ ಗಂಜಿ ತಂದಳು, ಕುಡಿದಳು. ಯಜಮಾನನ ಹೆಂಡತಿ ಅನ್ನ ತಂದಳು, ಉಂಡಳು. ಕೀಳು ಮೇಲು ಅಂತ ಯಾರ ಕೈಯನ್ನೂ ಕೇಳಲಿಲ್ಲ. ಊರಿನ ಹೆಂಗಸರ ಮಧ್ಯೆ ಕೂತು ಗೊಳೋ ಅಂತ ಅತ್ತಳು. ಬದುಕಿಕೊಂಡಳು ಅಂದುಕೊಂಡ್ವಿ. ಮೈಯಲ್ಲಿ ಏನೂ ಉಳಿದಿರಲಿಲ್ಲ ಕಣೋ. ತಡವಾಗಿತ್ತು. ಮಣ್ಣಿಗೆ ಬರ್ತೀಯೇನೋ?"

ಗುರುಮಲ್ಲಪ್ಪ ಬಾಯಿ ತೆಗೆದ. "ಮಾಟಗಾತಿಯ ಮಣ್ಣಿಗೆ..." ಅಂದ.

"ಥೂ" ಅಂದಳು ಮುದುಕಿ. ಹೋದಳು.

ಅವನು ಮನೆಗೆ ಬಂದ. ಮಾಟ ಮಾಡಿದವಳು ಹೋದಳು. ಇನ್ನು ತನ್ನ ಹೊಟ್ಟೆ ತೊಳೆದ ಹಾಗಿರಬೇಕು. ನೋಡೇಬಿಡೋಣ ಅಂದುಕೊಂಡ. ಬೆಳಗ್ಗೆ ಎದ್ದ. ಪೂಜೆ ಮಾಡಿದ. ಬೂದಿ ಬಳಿದ. ಸೊಪ್ಪು ಹಿಂಡಿ ತನ್ನ ಅಂಗೈಗೇ ರಸ ಬಿಟ್ಟ.

ಗಂಟು ಕಟ್ಟಿತು.

ಗಂಟನ್ನು ಮುಟ್ಟಿ ನೋಡಿದ. ಯಾರು? ಅವ್ವ ಹೋಗಿದ್ದಾಳೆ. ಹೆಂಡತಿ ಮಣ್ಣಾಗಿದ್ದಾಳೆ. ಮಗಳು ಹಳ್ಳದಾಚೆ. ಈ ಮನೆಯಲ್ಲಿ ಬೇಯಿಸಿದ್ದು ಯಾರು? ನಾನು. ಬಡಿಸಿದ್ದು ಯಾರು? ನಾನು. ಬಾಯಿಗಿಟ್ಟದ್ದು ಯಾರು?

ಬಲಗೈ ನೋಡಿದ. ಬಹಳ ಹೊತ್ತು ನೋಡಿದ. ಚೊಂಬಿನ ಹಾಲು ಬೇಡವೆಂದದ್ದು ಇದೇ. ಕೊಳ್ಳಿ ಹಿಡಿದದ್ದು ಇದೇ. ತುಟಿ ಮುಟ್ಟಿದ ತುತ್ತನ್ನು ಗೋಡೆಗೆ ಹೊಡೆದದ್ದು ಇದೇ. ಇದೇ ಮಾಟಗಾತಿ!

ಕೇಳಿದಿರಾ? ಪರೀಕ್ಷೆ ಸುಳ್ಳು. ರಸ ಸುಳ್ಳು. ಬೂದಿ ಸುಳ್ಳು. ಉತ್ತರ ಮಾತ್ರ ಅವತ್ತು ಸರಿಯಾಗಿತ್ತು.

ಆ ಕೈಯಿಂದ ಅವನಿಗೆ ಉಣ್ಣಲಾಗಲಿಲ್ಲ. ತುತ್ತು ಬಾಯಿಯ ಹತ್ತಿರ ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಎಡಗೈಯನ್ನೂ ನಂಬಲಿಲ್ಲ, ಅದು ಅದರ ಒಡಹುಟ್ಟಿದ್ದಲ್ಲವಾ? ಹಸಿವು. ಬರೀ ನೀರು. ಕಣ್ಣು ಗುಳಿ ಬಿತ್ತು. ಆ ಗುಳಿಯನ್ನು ಅವನು ಮುಂಚೆ ಇನ್ನೊಂದು ಮುಖದಲ್ಲಿ ನೋಡಿದ್ದ. ಅವತ್ತು ಅದುಮಿದ್ದು ಇವತ್ತು ಅದುಮಲು ಆಗಲಿಲ್ಲ. ಪಂಚೆ ಹರಿದು, ಹಲ್ಲಿನಲ್ಲಿ ಎಳೆದು, ಬಲಗೈಯನ್ನು ಬೆನ್ನಿಗೆ ಬಿಗಿದು ಕಟ್ಟಿಕೊಂಡ. ಹಳ್ಳ ದಾಟಿದ.

ಊರಿನವರು ನೋಡಿದರು. ಹೆಂಗಸರು ರಾಗಿ ಬೀಸುತ್ತಿದ್ದವರು ನಿಲ್ಲಿಸಿದರು. ಅವನು ನೀಲಾಜಿ ಇದ್ದ ಮನೆಯ ಜಗುಲಿ ಕೆಳಗೆ ಮಣ್ಣಿನಲ್ಲಿ ಕೂತ.

ನೀಲಾಜಿ ತಟ್ಟೆ ಹಿಡಿದು ಬಂದಳು. ಹಿಟ್ಟು, ಸಾರು. ಮುಂದೆ ಇಟ್ಟಳು.

"ಮಗಳೇ, ನೀನೇ ಉಣ್ಣಿಸು" ಅಂದ. "ಈ ಕೈ ಪಾಪಿ ಕೈ. ಮದ್ದು ಹಾಕಿದ್ದು ಇದೇ. ನಿಮ್ಮವ್ವನನ್ನ ತಿಂದದ್ದು ಇದೇ. ಇದಕ್ಕೆ ಶಿಕ್ಷೆ ಕೊಟ್ಟಿದ್ದೀನಿ. ಇನ್ನು ಬಿಚ್ಚಲ್ಲ."

ನೀಲಾಜಿ ಆ ಕಟ್ಟು ನೋಡಿದಳು. ಗಂಟು ಎಷ್ಟು ಬಿಗಿ ಇತ್ತು ಅಂದರೆ ಬೆರಳು ನೀಲಿಯಾಗಿದ್ದವು. ಬಗ್ಗಿದಳು. ಗಂಟು ಬಿಚ್ಚಿದಳು.

"ಅದಕ್ಯಾಕಪ್ಪ ಶಿಕ್ಷೆ? ಅದು ನೀನು ಹೇಳಿದ ಹಾಗೆ ಕೇಳಿತು. ನೀನು ಹೇಳಿದ ಹಾಗೆ ಕೇಳಿದವರಿಗೆಲ್ಲ ಆ ಮನೆಯಲ್ಲಿ ಇದೇ ಆಯ್ತಲ್ಲ."

ತಟ್ಟೆ ಅವನ ಹತ್ತಿರಕ್ಕೆ ಸರಿಸಿ ಒಳಗೆ ಹೋದಳು.

ಉಂಡನಾ? ಉಂಡ. ಹಸಿವು ಅಂಥದು. ತುತ್ತು ಗಂಟಲಲ್ಲಿ ಇಳಿಯಿತಾ? ಅದನ್ನು ಅವನನ್ನೇ ಕೇಳಬೇಕು.

ಕತೆ ಆ ಜಗುಲಿ ಕೆಳಗೆ ಕೂತಿತು, ನಾವು ಎದ್ದೆವು. ಯಾರ ಮನೆಯಲ್ಲಿ ಒಲೆ ಉರಿಯುತ್ತಿದೆಯೋ ಅಲ್ಲಿಗೆ ನಡೀರಿ. ಯಾರ ಕೈ ಅಂತ ಕೇಳದೆ ಉಣ್ಣಿ. ಮನೆಯಲ್ಲಿ ಹೆಂಡತಿ ಇದ್ದವರು ಬೇಗ ಹೋಗಿ.